ನೋಡಬಾರದ ಮುಳ್ಳು

ಎದ್ದ ಕೂಡಲೇ ಹೊಂಬಾಳೆ ಬಾಯಿ ತೆರೆದು ನೋಡಿಕೊಂಡಳು. ನೀರೊಲೆಯ ಮುಂದೆ ಕುಳಿತು, ಹಿಂದೆ ಯಾರೂ ಇಲ್ಲವೆಂದು ಎರಡು ಸಲ ತಿರುಗಿ ನೋಡಿ, ಆದಷ್ಟು ಅಗಲವಾಗಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ದವಡೆಯ ಕೀಲು ಎರಡೂ ಕಡೆ ಸಲೀಸಾಗಿ ಜಾರಿತು. ಎಂಜಲು ನುಂಗಿ ನೋಡಿದಳು, ನುಂಗಲಿಕ್ಕೂ ಆಯಿತು. ಮುಳ್ಳು ಚುಚ್ಚಿ ಇವತ್ತಿಗೆ ನಾಲ್ಕು ದಿನ. ಬಲಗೈಯ ತೋರುಬೆರಳು ಮಾತ್ರ ತನ್ನದಲ್ಲವೆಂಬ ಹಾಗೆ ದಪ್ಪಗೆ, ಬಿಸಿಯಾಗಿ, ಒಂದೇ ಸಮನೆ ಮಿಡಿಯುತ್ತಿತ್ತು. ರಾತ್ರಿ ಸೆರಗಿನಲ್ಲಿ ಸುತ್ತಿಟ್ಟುಕೊಂಡು ಮಲಗಿದ್ದಳು. ಬೆಳಿಗ್ಗೆ ನೋಡಿದರೆ ಕೆಂಪು ಅಂಗೈವರೆಗೆ ಇಳಿದಿತ್ತು. "ಏನಮ್ಮಿ ಅದು, ಕಪ್ಪೆ ಮಳೆ ಕರೆಯೋ ಅಂಗೆ ಬಾಯಿ ಬುಡ್ತಾ ಕುಂತಿದ್ದೀಯಲ್ಲ" ಎಂದು ಹಿಂದಿನಿಂದ ಗಂಡ ಜವರಯ್ಯನ ಮಾತು ಕೇಳಿ, ಹಲ್ಲಿಗೆ ಹಲ್ಲು ಬಡಿಯುವಷ್ಟು ಬೇಗ ಬಾಯಿ ಮುಚ್ಚಿಕೊಂಡಳು. ಅವನು ನಕ್ಕು, ಹಂಡೆಯಿಂದ ಒಂದು ಚೆಂಬು ನೀರು ಬಗ್ಗಿಸಿಕೊಂಡು ಹೋದ. ಆ ನಗೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ. ಮೂರು ವರ್ಷದ ಹಿಂದೆ ಇದೇ ಮನೆಯಲ್ಲಿ ಅವನ ತಂಗಿಯ ಬಾಯಿ ಕಚ್ಚಿಕೊಂಡಾಗ ಅವನೂ ಇದ್ದ. ಚಮಚದ ಹಿಡಿಯಿಂದ ಹಲ್ಲು ಬಿಡಿಸಲು ನೋಡಿದವನು ಅವನೇ. ಬಾಯಿ ತೆರೆದು ಕೂತ ಹೆಂಡತಿಯನ್ನು ನೋಡಿ ಅವನಿಗೆ ಅದು ನೆನಪಾಗದೆ ಇರುವುದಾದರೂ ಹೇಗೆ?

ಮನೆಯ ಹಿಂದಿನ ನಿಂಬೆ ತೋಟದಲ್ಲಿ ಮೂವತ್ತು ಗಿಡ. ಬಿಸಿಲು ಬಲಿಯುವ ಮುಂಚೆ ಒಣಗಿದ ಕಡ್ಡಿ ಮುರಿದು, ಬುಡದ ಪಾತಿ ಕೆದಕಿ, ತಿಪ್ಪೆಯ ಗೊಬ್ಬರ ತುಂಬಬೇಕು. ಇದು ಮನೆಯ ಹೆಂಗಸರ ಕೆಲಸ. ಗೊಬ್ಬರವನ್ನು ಕೈಯಿಂದಲೇ ಬುಡಕ್ಕೆ ಒತ್ತುತ್ತಿದ್ದಾಗ, ಅದರೊಳಗೆ ಹೂತುಹೋಗಿದ್ದ ಹಳೆಯ ಕಡ್ಡಿಯ ಮುಳ್ಳು ತೋರುಬೆರಳಿನ ಗೆಣ್ಣಿಗೆ ನೆಟ್ಟಿತ್ತು. ಅವಳು ಕೂಗಲಿಲ್ಲ, ಕೂಗುವುದು ಅವಳಿಗೆ ಬರುವುದೇ ಇಲ್ಲ. ಪಕ್ಕದ ಪಾತಿಯಲ್ಲಿದ್ದ ಅತ್ತೆ ಬೆಳ್ಳಮ್ಮ, ಸೊಸೆಯ ಕೈ ನಿಂತದ್ದನ್ನು ಕಂಡು ಎದ್ದು ಬಂದು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಚಿಮುಟದಿಂದ ಒಂದೇ ಎಳೆತಕ್ಕೆ ಕಿತ್ತಿದ್ದಳು. ಬೀದಿಯಲ್ಲಿ ಯಾರಿಗೆ ಮುಳ್ಳು ಚುಚ್ಚಿದರೂ ಬೆಳ್ಳಮ್ಮನ ಜಗುಲಿಗೇ ಬರುತ್ತಾರೆ. ಅವಳ ಕೈ ಅಷ್ಟು ಹಗುರ. ಕಿತ್ತ ಮೇಲೆ ಈ ಮನೆಯಲ್ಲಿ ಯಾವತ್ತೂ ನಡೆಯುವುದೇ ನಡೆಯಿತು. ಮುಳ್ಳನ್ನು ಒಂದು ಕಲ್ಲಿನ ಮೇಲಿಟ್ಟು, ಇನ್ನೊಂದು ಕಲ್ಲಿನಿಂದ ಜಜ್ಜಿ ಹುಡಿ ಮಾಡಿ, ಅದರ ಮೇಲೆ ಉಗಿದಳು. ಚುಚ್ಚಿದ ಮುಳ್ಳನ್ನು ಯಾರೂ ನೋಡಬಾರದು. ನೋಡಿದರೆ ಅದು ಮುಖದ ಗುರುತು ಹಿಡಿದುಕೊಂಡು ಮತ್ತೆ ಹುಡುಕಿಕೊಂಡು ಬರುತ್ತದೆ. ಚುಚ್ಚಿಸಿಕೊಂಡವರು ಆಕಾಶ ನೋಡಬೇಕು. ಆಮೇಲೆ ಬಿಸಿ ಸಗಣಿ ಮೆತ್ತಿ ಬಟ್ಟೆ ಕಟ್ಟಬೇಕು.

ಹೊಂಬಾಳೆ ಆಕಾಶ ನೋಡಲಿಲ್ಲ. ಮುಖವನ್ನು ತಿರುಗಿಸಿದ್ದಳು, ಕಣ್ಣು ತಿರುಗಲಿಲ್ಲ. ಚಿಕ್ಕಂದಿನಿಂದ ಅವಳ ಕಣ್ಣು ಹಾಗೆಯೇ; ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿದ ಮೇಲೂ ಗೋಡೆಯ ಮೇಲಿನ ಲೆಕ್ಕ, ಅಕ್ಕಿಯೊಳಗಿನ ಹುಳ, ಮಾತಾಡುವವರ ಕತ್ತಿನ ನರ, ಎಲ್ಲದರ ಮೇಲೂ ಹೋಗಿ ಕೂರುತ್ತಿತ್ತು. ನೋಡಿದ್ದು ಮಾತ್ರ ನಾಲಿಗೆಗೆ ಬರುತ್ತಿರಲಿಲ್ಲ. ಚಿಮುಟದ ಬಾಯಲ್ಲಿ ಮುಳ್ಳು ಒಂದು ಕ್ಷಣ ಬಿಸಿಲಿಗೆ ಹಿಡಿದ ಹಾಗೆ ನಿಂತಿತ್ತು. ಬುಡ ಕಂದು, ನಡು ಕಪ್ಪು, ಕೊನೆಯಲ್ಲಿ ಚೂಪು ಇರಬೇಕಾದ ಕಡೆ ಬೆಳ್ಳಗೆ ಮೊಂಡು. ತುದಿ ಇರಲಿಲ್ಲ. ಮೂರು ವರ್ಷದ ಹಿಂದೆ, ಅವತ್ತೂ ಇರಲಿಲ್ಲ. ನಾದಿನಿ ಅಂಕಮ್ಮ ಬದುವಿನ ಮೇಲೆ ಕೂತು ಹಿಮ್ಮಡಿ ನೀಡಿದ್ದಳು. "ಬೇಗ ಕೀಳವ್ವ, ಕಾಲ್ ಜೋಮು ಇಡೀತದೆ" ಎಂದು ನಗುತ್ತ ಆಕಾಶ ನೋಡುತ್ತಿದ್ದಳು. ಹದಿನಾರು ವರ್ಷ, ಮದುವೆಯ ಮಾತು ನಡೆದಿತ್ತು. ಹೊಂಬಾಳೆ ಈ ಮನೆಗೆ ಬಂದು ಮೂರು ತಿಂಗಳಾಗಿತ್ತು. ಬೆಳ್ಳಮ್ಮ ಕಿತ್ತಳು, ಬೆಳ್ಳಗೆ ಮೊಂಡು, ಕಲ್ಲು ಬಿತ್ತು, ಹುಡಿ. ಎಂಟನೆಯ ದಿನ ಅಂಕಮ್ಮ ಅಂಬಲಿಯ ಬಟ್ಟಲು ಹಿಡಿದು, "ಯಾಕೋ ಬಾಯಿ ಬುಡಕ್ಕಾಯ್ತಿಲ್ಲ ಕಣತ್ತಿಗೆ" ಎಂದಿದ್ದಳು. ಬೀದಿಯವರು ಬಾವಿಯ ಗಾಳಿ, ದೆವ್ವದ ಸೋಂಕು ಎಂದರು, ಬೇವಿನ ಸೊಪ್ಪು ತಂದರು. ಮೂರು ದಿನ ಅವಳ ಬೆನ್ನು ಚಾಪೆಗೆ ತಾಗದೆ ಬಿಲ್ಲಿನ ಹಾಗೆ ಬಾಗಿತ್ತು. ಆ ಮೂರು ದಿನವೂ ಹೊಂಬಾಳೆ ಬಾಗಿಲ ದಾರಂದಕ್ಕೆ ಒರಗಿ ನಿಂತು, ಮುಳ್ಳು ಮುರಿದಿತ್ತು ಎಂಬ ಎರಡೇ ಮಾತನ್ನು ಬಾಯೊಳಗೆ ಹೊರಳಿಸುತ್ತಿದ್ದಳು. ಹೊರಗೆ ಬರಲಿಲ್ಲ. ಹೆಣ ಎತ್ತಿದ ಮೇಲೆ ಬಂದ ನೆಂಟರಿಗೆ ಬೆಳ್ಳಮ್ಮ, ಅಳುತ್ತಲೇ, "ಸೊಸೆ ಒಳ್ಳೇದು, ಬಾಯೇ ಇಲ್ಲ" ಎಂದು ಹೇಳಿದ್ದಳು.

ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ರಾಗಿ ಹಿಟ್ಟು ಹಾಕಿ, ಕೋಲು ಹಿಡಿದು ತಿರುವಲು ಹೋದಳು. ಎಡಗೈ ಒಂದಕ್ಕೇ ಬಗ್ಗಲಿಲ್ಲ. ಬಲಗೈ ಸೇರಿಸಿದ ಕೂಡಲೇ ನೋವು ಮೊಣಕೈವರೆಗೆ ಎದ್ದು, ಕೋಲು ಜಾರಿ, ಬಿಸಿ ಹಿಟ್ಟು ಒಲೆಯ ಕಟ್ಟೆಗೆ ಸಿಡಿಯಿತು. ಮುದ್ದೆಯೊಳಗೆ ಗಂಟು ಉಳಿಯುತ್ತದೆ ಎಂಬುದೇ ಮೊದಲು ಹೊಳೆದದ್ದು. ಗಂಟಿನ ಮುದ್ದೆ ಬಡಿಸಿದವಳು ಎಂಬ ಮಾತಿಗೆ ಹೆದರುವಷ್ಟು ಸಾವಿಗೆ ತಾನು ಹೆದರುತ್ತಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಬೆಳ್ಳಮ್ಮ ತಟ್ಟೆಯಲ್ಲಿನ ಮುದ್ದೆಯನ್ನು ಒತ್ತಿ ನೋಡಿ ತಲೆ ಎತ್ತಿದಳು.

"ಕೈಗೇನಾಯ್ತು?"

"ಊದ್ಕೊಂಡದೆ ಅತ್ತೆ."

"ಮುಳ್ಳು ಅಂದ್ಮೇಲೆ ಊದ್ತದೆ, ಕೀವು ಕಟ್ತದೆ, ಒಡೀತದೆ. ಅದ್ಕೆ ಹಿಟ್ಟು ಕೆಡಸ್ಬೇಕಾ? ಉಂಡ್ಮೇಲೆ ಎಕ್ಕದಾಲು ಬುಡ್ತೀನಿ, ಮ್ಯಾಲೆ ಇನ್ನೊಂದ್ ಸಲ ಸಗಣಿ ಕಟ್ಟಾನ."

"ಸಗಣಿ ಬ್ಯಾಡಿ."

ಮಾತು ಆಡಿದವರು ಯಾರೆಂದು ನೋಡುವ ಹಾಗೆ, ಪಕ್ಕದಲ್ಲಿ ಉಣ್ಣುತ್ತಿದ್ದ ಜವರಯ್ಯ ಬಾಗಿಲ ಕಡೆ ತಿರುಗಿದ.

"ಏನಂದೆ?" ಎಂದಳು ಬೆಳ್ಳಮ್ಮ.

"ಸಗಣಿ ಬ್ಯಾಡಿ ಅಂದೆ. ಮುಳ್ಳಿನ ತುದಿ ಮುರ್ದು ಒಳಗೇ ನಿಂತದೆ. ನಾನು ಮಳವಳ್ಳಿ ಆಸ್ಪತ್ರೆಗೆ ಓಗ್ಬೇಕು."

"ಮುರ್ದದೆ ಅಂತ ನಿಂಗೆಂಗೊತ್ತು?"

"ನೋಡ್ದೆ."

"ಮುಳ್ನ ನೋಡ್ದಾ?"

"ನೋಡ್ದೆ."

ಬೆಳ್ಳಮ್ಮನ ಮುಖದಲ್ಲಿ ಮೊದಲು ಸಿಟ್ಟು ಬಂತು. ಅದರ ಹಿಂದೆಯೇ ಇನ್ನೇನೋ ಬಂದು, ಸಿಟ್ಟಿನ ಬೆನ್ನಿಗೆ ಅಡಗಿ ನಿಂತಿತು. ಈ ಸಲವಷ್ಟೇ ನೋಡಿದ್ದೋ, ಅವತ್ತೂ ನೋಡಿದ್ದಳೋ ಎಂಬುದು ಅತ್ತೆಯ ಕಣ್ಣಿಗೆ ಬಂದು, ಅತ್ತೆಯೇ ಅದನ್ನು ಒಳಕ್ಕೆ ತಳ್ಳಿದ್ದು ಹೊಂಬಾಳೆಗೆ ಕಾಣಿಸಿತು. ಕಾಣಿಸಬಾರದಿತ್ತು. ಆಸ್ಪತ್ರೆಗೆ ಹೋಗಿ ಬಂದರೆ ಇದು ಬರಿಯ ಬೆರಳಿನ ವಿಷಯವಾಗಿ ಉಳಿಯುವುದಿಲ್ಲ, ಬಾವಿಯ ಗಾಳಿಯ ಮಾತು ಈ ಮನೆಯಲ್ಲಿ ಇನ್ನು ನಿಲ್ಲುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು.

"ನೋಡುದ್ಕೇ ಊದಿರೋದು" ಎಂದಳು ಬೆಳ್ಳಮ್ಮ. "ನೋಡ್ಬಾರ್ದು ಅಂತ ಯೋಳಿಲ್ವಾ ನಾನು?"

ಜವರಯ್ಯ ತಟ್ಟೆಗೆ ಹೇಳುವ ಹಾಗೆ, "ನಾಳಿದ್ದು ಸಂತೆಗೆ ಗಾಡಿ ಕಟ್ತೀನಲ್ಲ, ಅವಾಗ ನೋಡಾನ ಬುಡವ್ವ" ಎಂದ.

"ಕಟ್ಟಪ್ಪ, ಗಾಡಿ ಕಟ್ಟು, ಮ್ಯಾಲೆ ಕಮಾನು ಕಟ್ಟು, ಹೆಂಡ್ತಿ ಮೆರವಣಿಗೆ ಮಾಡು. ಬೆಳ್ಳಮ್ಮನ ಕೈಲಿ ಒಂದ್ ನಿಂಬೆ ಮುಳ್ ಕೀಳಕ್ಕಾಗ್ನಿಲ್ಲ, ಡಾಕ್ಟ್ರು ಕಿತ್ತ ಅಂತ ಊರೋರು ನಗ್ಲಿ."

ನಾಳಿದ್ದು ಎಂದರೆ ಆರನೆಯ ದಿನ. ಆರನೆಯ ದಿನ ಅಂಕಮ್ಮ ಇನ್ನೂ ನಗುತ್ತಿದ್ದಳು, ಮಡಿಲಲ್ಲಿ ನಿಂಬೆಹಣ್ಣು ತುಂಬಿಕೊಂಡು ಕುಂಟುತ್ತ ಓಡಾಡುತ್ತಿದ್ದಳು. ಹೊಂಬಾಳೆ ಪಾತ್ರೆಗೆ ತಟ್ಟೆ ಮುಚ್ಚಿ, ಎಡಗೈ ತೊಳೆದು, ಸೆರಗು ಹೊದ್ದು ಎದ್ದಳು. ಹೊಸ್ತಿಲವರೆಗೆ ಹೋದದ್ದು ನೆನಪಿಲ್ಲ. ಹೊಸ್ತಿಲು ಮಾತ್ರ ನೆನಪಿದೆ, ಅದರ ಮೇಲೆ ಹಿಂದಿನ ದಿನ ತಾನೇ ಬಳಿದ ಕೆಮ್ಮಣ್ಣು ನೆನಪಿದೆ. "ದಾಟ್ನೋಡು" ಎಂದಿತು ಹಿಂದಿನಿಂದ ಅತ್ತೆಯ ಧ್ವನಿ. ಅವಳು ದಾಟಿದಳು.

ಮಳವಳ್ಳಿಗೆ ಮೂರು ಮೈಲಿ. ಸೇದುವ ಬಾವಿಯ ಹತ್ತಿರ ಎದುರು ಮನೆಯ ಬೀರಮ್ಮ ಕೊಡ ತುಂಬಿಸಿ ನಿಂತಿದ್ದಳು. ಈ ಬಾವಿಯ ಮುಂದೆ ಹಾದು ಹೋಗುವಾಗೆಲ್ಲ ಹೊಂಬಾಳೆ ತಲೆ ತಗ್ಗಿಸುತ್ತಿದ್ದಳು. ಮಾಡದ ತಪ್ಪನ್ನು ಮೂರು ವರ್ಷದಿಂದ ಹೊತ್ತುಕೊಂಡಿರುವುದು ಈ ಬಾವಿ.

"ಏನಮ್ಮಿ, ತವರಿಗೆ ಓಡೋಯ್ತಾ ಇದ್ದೀಯಾ? ಕೈಲಿ ಗಂಟೇ ಇಲ್ವಲ್ಲ" ಎಂದಳು ಬೀರಮ್ಮ.

"ಆಸ್ಪತ್ರೆಗೆ."

"ಯಾರಿಗೇನಾಯ್ತವ್ವ?"

"ನಂಗೆ. ಮುಳ್ಳು ಒಳಗೇ ಮುರ್ದದೆ."

"ಬೆಳ್ಳಕ್ಕ ಕೀಳ್ನಿಲ್ವಾ?"

"ಕಿತ್ರು. ಅರ್ಧ ಬಂತು."

ಬೀರಮ್ಮನ ಬಾಯಿ ಸ್ವಲ್ಪ ತೆರೆದೇ ಉಳಿಯಿತು. ಇಷ್ಟೇ ಮಾತು, ಮಧ್ಯಾಹ್ನದೊಳಗೆ ಹತ್ತು ಮನೆಗೆ ಹೋಗುತ್ತದೆ. ಹೋಗಲಿ. ಗದ್ದೆಯ ಬದು ಮುಗಿದು ರಸ್ತೆ ಸಿಕ್ಕಿತು. ಹಿಂದಿನಿಂದ ಬಂದ, ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಯುದ್ಧಕಾಲದ ಬಸ್ಸು ಹೊಗೆ ಬಿಡುತ್ತ ಅವಳನ್ನು ದಾಟಿ ಹೋಯಿತು. ಒಳಗೆ ಕೂತ ಗಂಡಸರೆಲ್ಲ ಕತ್ತು ತಿರುಗಿಸಿದರು. ಮೊದಲಾಗಿದ್ದರೆ ಅವಳು ಹುಣಿಸೇಮರದ ಬೊಡ್ಡೆಯ ಹಿಂದೆ ಸರಿಯುತ್ತಿದ್ದಳು. ಈಗ ಬೆರಳಿನ ಮಿಡಿತಕ್ಕೆ ಹೆಜ್ಜೆ ಕೂಡಿಸಿಕೊಂಡು ರಸ್ತೆಯ ನಡುವೆಯೇ ನಡೆದಳು. ನಡೆಯುತ್ತ ಬಾಯಿ ತೆರೆದಳು, ಮುಚ್ಚಿದಳು. ಯಾರಾದರೂ ನೋಡಿದರೆ ಹುಚ್ಚಿ ಎನ್ನಲಿ. ತಾನು ಯಾಕೆ ಹೋಗುತ್ತಿದ್ದೇನೆ, ಬದುಕಲಿಕ್ಕೋ ಅಥವಾ ಅವತ್ತು ಆಡದ ಮಾತನ್ನು ಇವತ್ತು ಯಾರ ಮುಂದಾದರೂ ಸುರಿಯಲಿಕ್ಕೋ ಎಂದು ಕೇಳಿಕೊಂಡಳು. ಎರಡಕ್ಕೂ ಇದೇ ರಸ್ತೆ.

ಆಸ್ಪತ್ರೆಯ ಜಗುಲಿಯಲ್ಲಿ ಜನ ಸಾಲಾಗಿ ಕೂತಿದ್ದರು. ಎಲ್ಲರ ಜೊತೆಗೂ ಯಾರಾದರೊಬ್ಬರು ಇದ್ದರು. ಅವಳ ಸರದಿ ಬಂದಾಗ, ಬಿಳಿಯ ಸೀರೆ ಉಟ್ಟ ನರ್ಸು ಯಶೋದಮ್ಮ, "ಜೊತೆಗೆ ಯಾರು ಬಂದಿದ್ದಾರಮ್ಮ?" ಎಂದು ಕೇಳಿದಳು. "ಯಾರೂ ಇಲ್ಲ" ಎಂದಾಗ ಒಂದು ಸಲ ಮೇಲಿಂದ ಕೆಳಗೆ ನೋಡಿ, ಸ್ಟೂಲು ತೋರಿಸಿದಳು. ಡಾಕ್ಟರು ಕನ್ನಡಕದವರು, ದಣಿದ ಮುಖದವರು. ಅವಳ ಕೈಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಗಂಡ, ತಂದೆ ಬಿಟ್ಟು ಬೇರೆ ಗಂಡಸು ಅವಳ ಕೈ ಹಿಡಿದದ್ದು ಇದೇ ಮೊದಲು. ನಾಚಿಕೆಯಾಗಬೇಕಿತ್ತು, ಅಲ್ಲಿ ನೋವಿದ್ದುದರಿಂದ ನಾಚಿಕೆಗೆ ಜಾಗ ಸಿಗಲಿಲ್ಲ.

"ಏನು ಮುಳ್ಳು?"

"ನಿಂಬೆ ಮುಳ್ಳು. ಗೊಬ್ಬರದೊಳಗಿತ್ತು. ನಾಕು ದಿನ ಆಯ್ತು."

"ಏನು ಕಟ್ಟಿದ್ರಿ?"

"ಸಗಣಿ."

ಅವರು ಬೈಯಲಿಲ್ಲ. ತುಟಿ ಒಂದಿಷ್ಟು ಬಿಗಿಯಾಯಿತು, ಅಷ್ಟೇ. "ಮುಳ್ಳು ಪೂರ್ತಿ ಬಂತಾ?" ಎಂದು ಕೇಳಿದರು.

ಆ ಪ್ರಶ್ನೆಯನ್ನು ಯಾರಾದರೂ ಕೇಳಬಹುದು ಎಂದು ಹೊಂಬಾಳೆಗೆ ಗೊತ್ತಿರಲಿಲ್ಲ. ಅಂಕಮ್ಮನ ಚಾಪೆಯ ಸುತ್ತ ಮೂರು ದಿನ ಕೂತ ಜನ ಎಲ್ಲವನ್ನೂ ಕೇಳಿದ್ದರು: ಬಾವಿಗೆ ಯಾವಾಗ ಹೋಗಿದ್ದಳು, ತಲೆಯಲ್ಲಿ ಹೂವಿತ್ತಾ, ಯಾರ ಕಣ್ಣು ಬಿತ್ತು. ಇದೊಂದನ್ನು ಕೇಳಿದ್ದರೆ, ಯಾರಾದರೂ ಒಬ್ಬರು ಅವಳ ಕಡೆ ತಿರುಗಿ ಇದೊಂದನ್ನು ಕೇಳಿದ್ದರೆ. ದವಡೆಯೇ ಹಿಡಿಯಿತೇನೋ ಎಂದು ಬಾಯಿಯನ್ನು ಒಂದು ಸಲ ತೆರೆದು ಮುಚ್ಚಿ ನೋಡಿಕೊಂಡಳು. ಆಮೇಲೆ ಮಾತು ಬಂತು.

"ಇಲ್ಲ. ತುದಿ ಮುರ್ದಿತ್ತು. ನಾನು ನೋಡ್ದೆ. ಇಷ್ಟು ಒಳಗದೆ" ಎಂದು ಎಡಗೈಯ ಉಗುರಿನ ಮೇಲೆ ಅಳತೆ ತೋರಿಸಿದಳು. "ಗೆಣ್ಣಿನ ಮ್ಯಾಲಿಂದ ಓರೆಯಾಗಿ ಇಳ್ದದೆ, ಹೆಬ್ಬೆಟ್ಟಿನ ಕಡೆಗೆ."

ಡಾಕ್ಟರು ಮೊದಲ ಸಲ ಅವಳ ಮುಖ ನೋಡಿದರು. "ನೋಡಿದ್ದು ಒಳ್ಳೇದಾಯ್ತು. ಇಲ್ಲದಿದ್ದರೆ ಹುಡುಕುತ್ತಾ ಎಷ್ಟು ಕೊಯ್ಯಬೇಕಾಗುತ್ತಿತ್ತೋ."

ಕೊಯ್ಯುವಾಗ ಯಶೋದಮ್ಮ ಅವಳ ಗಲ್ಲ ಹಿಡಿದು, "ಆ ಕಡೆ ನೋಡಮ್ಮ" ಎಂದಳು. "ಇಲ್ಲ, ನೋಡ್ತೀನಿ" ಎಂದು ಹೊಂಬಾಳೆ ಗಲ್ಲ ಬಿಡಿಸಿಕೊಂಡಳು. ಚರ್ಮ ಬಿಚ್ಚಿಕೊಂಡು ಕೀವು ಬಂತು, ರಕ್ತ ಬಂತು, ಕೊನೆಗೆ ಇಕ್ಕಳದ ಬಾಯಲ್ಲಿ ಇರುವೆಯ ಕಾಲಿನಷ್ಟು ಕಪ್ಪು ಚೂರು ಬಂತು. ಇಷ್ಟೇ ಇಷ್ಟು. ಅದನ್ನು ಹತ್ತಿಯ ಮೇಲೆ ಇಟ್ಟಾಗ ಅವಳು ಅತ್ತಳು. ಯಶೋದಮ್ಮ, "ಆಯ್ತು, ಆಯ್ತು, ನೋವು ಮುಗೀತು" ಎಂದು ಬೆನ್ನು ಸವರಿದಳು. ತೋಳಿಗೆ ಮೊದಲು ಒಂದು ಚುಕ್ಕೆ ಔಷಧಿ ಚುಚ್ಚಿ, ಅರ್ಧ ಗಂಟೆ ಕೂರಿಸಿ, ಮೈ ಕೆಂಪಾಗಲಿಲ್ಲವೆಂದು ನೋಡಿಕೊಂಡು ಆಮೇಲೆ ದೊಡ್ಡ ಸೂಜಿ ಹಾಕಿದರು. ಧನುರ್ವಾಯು ಬರದ ಹಾಗೆ, ಕುದುರೆಯ ರಕ್ತದಿಂದ ತೆಗೆದದ್ದು ಎಂದರು. ಯುದ್ಧದಲ್ಲಿ ಸಿಪಾಯಿಗಳಿಗೆ ಕೊಡುವಂಥದ್ದು ಎಂದು ಬಿಳಿಯ ಮಾತ್ರೆಗಳನ್ನು ಪೊಟ್ಟಣ ಕಟ್ಟಿ ಕೊಟ್ಟರು.

"ಕೀವು ಗೆಣ್ಣಿಗೆ ಹತ್ತಿರ ಹೋಗಿದೆ. ಬೆರಳು ಉಳಿಯುತ್ತೋ, ಮರಗಟ್ಟುತ್ತೋ, ನಾಲ್ಕು ದಿನ ಬಿಟ್ಟು ಹೇಳ್ತೀನಿ. ದಿನಾ ಬಂದು ಕಟ್ಟು ಬದಲಾಯಿಸಿಕೊಳ್ಳಬೇಕು. ಒಂದು ದಿನ ತಪ್ಪಿಸಿದರೂ ಕೈಗೇ ಬರುತ್ತೆ. ದವಡೆ ಹಿಡಿದ ಹಾಗೆ ಅನ್ನಿಸಿದರೆ ಆ ಗಳಿಗೆಯಲ್ಲೇ ಬಾ."

ಅವಳು ಏಳಲಿಲ್ಲ. "ಸ್ವಾಮಿ, ಹಿಮ್ಮಡಿಗೆ ಮುಳ್ಳು ಚುಚ್ಚಿ ಎಂಟು ದಿನಕ್ಕೆ ಬಾಯಿ ಕಚ್ಕೊಂಡು, ಬೆನ್ನು ಬಾಗಿ ಸತ್ತರೆ, ಅದು ಗಾಳಿನಾ?"

"ಯಾರು?"

"ನಮ್ಮನೆ ಮಗಳು. ಮೂರು ವರ್ಷ ಆಯ್ತು."

ಡಾಕ್ಟರು ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿದರು. "ಗಾಳಿಯಲ್ಲಮ್ಮ. ಮುಳ್ಳು."

"ಆ ದಿವ್ಸವೇ ಕರ್ಕೊಂಡು ಬಂದಿದ್ರೆ?"

"ಅದನ್ನು ನಾನು ಹೇಗೆ ಹೇಳಲಿ? ಉಳಿಯಬಹುದಾಗಿತ್ತು" ಎಂದು ಅವರು ಮುಂದಿನವರನ್ನು ಕರೆದರು.

ಕೈಯನ್ನು ಕತ್ತಿಗೆ ಬಿಗಿದ ಬಟ್ಟೆಯಲ್ಲಿ ತೂಗುಹಾಕಿಕೊಂಡು ಅವಳು ಊರಿಗೆ ಬಂದಾಗ ಬಿಸಿಲು ಇಳಿದಿತ್ತು. ಜವರಯ್ಯ ಊರ ಮುಂದಿನ ಕಲ್ಲಿನ ಮೇಲೆ ಕಾಯುತ್ತ ಕೂತಿದ್ದ. ಕಟ್ಟನ್ನು ನೋಡಿ, ನೋವಿದೆಯಾ ಎಂದು ಕೇಳಿ, ಎರಡು ಮಾರು ಜೊತೆಗೆ ನಡೆದ ಮೇಲೆ ಮೆಲ್ಲಗೆ, "ಕೇಳ್ದೋರ್ಗೆ ನಮ್ಮ ಸೋದರತ್ತೆ ಮನೇಗೆ ಓಗಿದ್ದೆ, ಅಲ್ಲಿ ಬಿದ್ದೆ ಅನ್ನು" ಎಂದ.

"ಬೀರಕ್ಕಂಗೆ ಯೋಳಾಯ್ತು."

"ಓಗ್ಲಿ. ಅವ್ವನ್ ಮುಂದೆ ಅಂಕಿ ಮಾತು ಮಾತ್ರ ಎತ್ಬೇಡ ಕಣೆ. ಅವ್ಳು ತಡ್ಕೊಳಲ್ಲ."

ಹೊಂಬಾಳೆ ನಿಂತಳು. ಅವಳು ಅಂಕಮ್ಮನ ಹೆಸರನ್ನೇ ಎತ್ತಿರಲಿಲ್ಲ. "ನಿಮ್ಗೂ ಗೊತ್ತಿತ್ತಾ?" ಎಂದಳು.

ಅವನು ಎತ್ತಿಗೆ ನೀರು ಕುಡಿಸಬೇಕು ಎಂದು ಗದ್ದೆಯ ಕಡೆ ತಿರುಗಿಕೊಂಡ. ಬೆಳಿಗ್ಗೆಯ ಆ ನಗೆ ಗೊತ್ತಿದ್ದುದನ್ನು ಮುಚ್ಚಿಕೊಳ್ಳುವ ನಗೆಯೆಂದು ಅವಳಿಗೆ ಈಗ ತಿಳಿಯಿತು. ಮನೆಯಲ್ಲಿ ಮುದ್ದೆಯನ್ನು ಬೆಳ್ಳಮ್ಮನೇ ಮಾಡಿದ್ದಳು. ಸೊಸೆಯ ಮುಂದೆ ತಟ್ಟೆ ಇಟ್ಟಳು, ಕೈಯ ಕಟ್ಟಿನ ಕಡೆ ನೋಡಲಿಲ್ಲ. ಹೊಂಬಾಳೆ ಎಡಗೈಯಲ್ಲಿ ಉಂಡಳು. ಎಡಗೈಯಲ್ಲಿ ಉಣ್ಣುವವಳನ್ನು ಬೈಯುವ ಅವಕಾಶವನ್ನೂ ಅತ್ತೆ ಬಿಟ್ಟುಕೊಟ್ಟಳು. "ನಾಳೆಯಿಂದ ದಿನಾ ಓಗ್ಬೇಕು ಅತ್ತೆ, ನಾಕು ದಿನ" ಎಂದಾಗ ಮಾತ್ರ, ಒಲೆಯ ಕಡೆ ಮುಖ ಮಾಡಿಕೊಂಡು, "ಅಲ್ಲೇ ಇದ್ಬುಡು ಓಗು. ಈ ಮನೆ ಮುಳ್ಳಿನ್ ಮನೆ" ಎಂದಳು.

ಬೆಳಿಗ್ಗೆ ಹೊಂಬಾಳೆ ಮುಖ ತೊಳೆದು, ಮಾತ್ರೆ ನುಂಗಿ, ಸೀರೆಯನ್ನು ಹೇಗೋ ಒಂದೇ ಕೈಯಲ್ಲಿ ಸುತ್ತಿಕೊಂಡಳು. ಕೂದಲಿಗೆ ಬಂದಾಗ ಆಗಲಿಲ್ಲ. ಎಡಗೈಯಲ್ಲಿ ಬಾಚಿ, ಗಂಟು ಹಾಕಲು ಗೋಡೆಗೆ ತಲೆ ಒತ್ತಿ ಹಿಡಿದು ನೋಡಿದಳು, ಹಲ್ಲಿನಲ್ಲಿ ಕಚ್ಚಿ ಎಳೆದು ನೋಡಿದಳು. ಜಾರಿ ಜಾರಿ ಬೆನ್ನ ತುಂಬ ಬಿತ್ತು. ತಲೆ ಕೆದರಿಕೊಂಡು ಊರ ನಡುವೆ ಹೋದರೆ ಗಾಳಿ ಹಿಡಿದವಳು ಎನ್ನುತ್ತಾರೆ. ಯಾರು ಏನೆಂದರೂ ಈಗ ಅವಳಿಗೆ ಅಡ್ಡಿಯಿರಲಿಲ್ಲ, ಆ ಒಂದು ಮಾತು ಬೇಡ. ಬೆಳ್ಳಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಹೊಂಬಾಳೆ ಹೋಗಿ ಅವಳ ಮುಂದೆ, ಬೆನ್ನು ತಿರುಗಿಸಿ, ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಬಾಚಣಿಗೆಯನ್ನು ಭುಜದ ಮೇಲಿಂದ ಹಿಂದಕ್ಕೆ ನೀಡಿದಳು.

"ತುರುಬು ಕಟ್ಟಿ ಅತ್ತೆ. ಆಸ್ಪತ್ರೆಗೆ ಹೊತ್ತಾಯ್ತದೆ."

ಕಾಯಿ ಸುಲಿಯುವ ಸದ್ದು ಹತ್ತು ಕಾಯಿಯಷ್ಟು ಹೊತ್ತು ನಡೆಯಿತು. ಹೊಂಬಾಳೆಯ ತೋಳು ನೋಯತೊಡಗಿತು, ಅವಳು ಇಳಿಸಲಿಲ್ಲ. ಆಮೇಲೆ ಬಾಚಣಿಗೆ ಕೈಯಿಂದ ಹೋಯಿತು. ಬೆಳ್ಳಮ್ಮ ಎಳೆದು ಎಳೆದು ಬಾಚಿದಳು, ಒಂದೊಂದು ಸಿಕ್ಕಿಗೂ ಕತ್ತು ಹಿಂದಕ್ಕೆ ಬಾಗುವ ಹಾಗೆ. ಈ ಜಗುಲಿಯ ಮೇಲೆ ಅವಳು ಒಬ್ಬರ ತಲೆ ಬಾಚಿ ಮೂರು ವರ್ಷವಾಗಿತ್ತು. ನಡುವೆ ಕೈ ನಿಂತಿತು.

"ಅವಳ್ದೂ ನೋಡಿದ್ಯಾ?"

ಇಲ್ಲ ಎನ್ನಬಹುದಿತ್ತು. ಇಲ್ಲ ಎಂದರೆ ಮುದುಕಿ ನೆಮ್ಮದಿಯಾಗಿ ಅವರೆಕಾಯಿ ಸುಲಿಯುತ್ತಾಳೆ, ಬಾವಿಯಲ್ಲಿ ಗಾಳಿ ಇರುತ್ತದೆ, ಇನ್ನೊಬ್ಬರ ಹಿಮ್ಮಡಿಗೆ ಇನ್ನೊಂದು ಮುಳ್ಳು ನೆಡುತ್ತದೆ, ಕಲ್ಲು ಬೀಳುತ್ತದೆ.

"ನೋಡಿದ್ದೆ. ಮುರ್ದಿತ್ತು."

ಬೀದಿಯಲ್ಲಿ ಯಾರದೋ ಗಾಡಿ ಹಾದುಹೋಯಿತು.

"ಯೋಳ್ನಿಲ್ಲ ನೀನು."

"ಯೋಳ್ನಿಲ್ಲ ಅತ್ತೆ. ಎದ್ರುಕೊಂಡೆ."

ಹೊಂಬಾಳೆ ತಿರುಗಲಿಲ್ಲ, ತಲೆಯನ್ನು ತಗ್ಗಿಸಲೂ ಇಲ್ಲ. ಹೊಡೆತವೊಂದು ಬೀಳುತ್ತದೆ ಎಂದು ಕಾದಳು. ಬಿದ್ದರೆ ತಿಂದು ಎದ್ದು ಹೋಗುವುದೆಂದು ಕಾಲನ್ನು ನೆಲಕ್ಕೆ ಊರಿಕೊಂಡಿದ್ದಳು. ಕೂದಲು ಮತ್ತೆ ಬಿಗಿಯಿತು. ಬೆಳ್ಳಮ್ಮ ಅದನ್ನು ಮೂರು ಸುತ್ತು ತಿರುಚಿ, ಕಣ್ಣಿನ ಅಂಚು ಮೇಲಕ್ಕೆ ಜಗ್ಗುವಷ್ಟು ಬಲವಾಗಿ ಗಂಟು ಹಾಕಿ, ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ನೂಕಿದಳು. ಹೊಂಬಾಳೆ ಎದ್ದು ಹಿಂದಿರುಗಿ ನೋಡದೆ ಬೀದಿಗೆ ಇಳಿದಳು. ಮಳವಳ್ಳಿಯವರೆಗೂ ನೆತ್ತಿ ಉರಿಯುತ್ತಿತ್ತು. ಒಂದು ಎಳೆಯೂ ಸಡಿಲಾಗಲಿಲ್ಲ.